ಇಲಿ ಮರೆತಿತೋ, ಹೆದರಿತೋ? ಅಲ್ಝೈಮರ್ ಪ್ರಯೋಗಕ್ಕೆ ಇಳಿಯುವವರಿಗೆ ಯಶಸ್ಸಿನ ಸೂತ್ರಗಳು

ಚುಂಚನಕಟ್ಟೆ, ಸಾಲಿಗ್ರಾಮ, ಮಿರ್ಲೆ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಮಕ್ಕಳು ಫಾರ್ಮಸಿ, ಬಯೊಕೆಮಿಸ್ಟ್ರಿ, ಪ್ರಾಣಿಶಾಸ್ತ್ರ ಓದಲು ಮೈಸೂರಿಗೆ ಬರುತ್ತಾರೆ. ಸ್ನಾತಕೋತ್ತರದ ಪ್ರಾಜೆಕ್ಟ್ ಹೊತ್ತಿಗೆ ಅವರಲ್ಲಿ ಕೆಲವರ ಕೈಗೆ ಇಲಿಗಳ ಪಂಜರ ಬರುತ್ತದೆ. ಮರೆವಿನ ಕಾಯಿಲೆಗೆ ಈ ಸೊಪ್ಪಿನ ಸಾರ ಕೆಲಸ ಮಾಡುತ್ತದೆಯೇ ನೋಡು ಎಂದು ಗೈಡ್ ಹೇಳುತ್ತಾರೆ. ಮನೆಯಲ್ಲಿ ಅಜ್ಜಿಗೋ ತಾತನಿಗೋ ಅರಳು ಮರಳು ಹಿಡಿದದ್ದನ್ನು ಕಂಡು ಬೆಳೆದ ಹುಡುಗ ಹುಡುಗಿಯರು ಈ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಾರೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿದೆ. ಅದರಲ್ಲಿ ದೊಡ್ಡ ಪಾಲು ಅಲ್ಝೈಮರ್ ಕಾಯಿಲೆಯದು.

ಈ ಸೂತ್ರಗಳು ಆ ಮಕ್ಕಳಿಗಾಗಿ. ಇಲಿಯ ನೆನಪನ್ನು ಯಾರೂ ಕಣ್ಣಾರೆ ಕಾಣಲಾರರು, ಕಾಣುವುದು ಅದರ ನಡವಳಿಕೆ ಮಾತ್ರ. ಅದು ದಾರಿ ತಪ್ಪಿದ್ದು ಮರೆತಿದ್ದರಿಂದಲೇ ಇರಬಹುದು. ಹೆದರಿದ್ದರಿಂದ, ಕಣ್ಣು ಕಾಣದಿದ್ದರಿಂದ, ನೀರು ತಣ್ಣಗಿದ್ದರಿಂದಲೂ ಇರಬಹುದು. ಈ ಉಳಿದ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುವುದೇ ಇಲ್ಲಿನ ಮುಕ್ಕಾಲು ಕೆಲಸ. ಬರಹದಲ್ಲಿ ದೊಡ್ಡ ಜಾತಿಯನ್ನು ಇಲಿ ಎಂದೂ ಸಣ್ಣ ಜಾತಿಯನ್ನು ಚಿಟ್ಟಿಲಿ ಎಂದೂ ಕರೆದಿದ್ದೇನೆ; ಎರಡಕ್ಕೂ ಹೊಂದುವ ಮಾತಿನಲ್ಲಿ ಬರೀ ಇಲಿ ಎಂದಿದ್ದೇನೆ.

1. ನಿಮ್ಮ ಇಲಿಗೆ ಏನಾಗಿದೆ ಎಂಬುದನ್ನು ಮೊದಲು ತಿಳಿಯಿರಿ

ಇಲಿಗೆ ತಾನಾಗಿ ಅಲ್ಝೈಮರ್ ಬರುವುದಿಲ್ಲ. ರೋಗಿಗಳ ಮಿದುಳಿನಲ್ಲಿ ಗಟ್ಟಿ ಕಲೆಗಳಾಗಿ ಕೂರುವ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕು ಇಲಿಯಲ್ಲೂ ಇದೆ. ಆದರೆ ಅದರಲ್ಲಿ ಮೂರು ಅಮೈನೊ ಆಮ್ಲಗಳು ಬೇರೆ, ಅಷ್ಟರಿಂದಲೇ ಅದು ಕಲೆಗಟ್ಟುವುದಿಲ್ಲ. ಹಾಗಾಗಿ ಕಾಯಿಲೆಯನ್ನು ನಾವೇ ತರಬೇಕು. ಮನುಷ್ಯರ ರೋಗದ ವಂಶವಾಹಿಗಳನ್ನು ಸೇರಿಸಿದ ಚಿಟ್ಟಿಲಿಗಳು ಒಂದು ದಾರಿ. ಅವು ದುಬಾರಿ. ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ನಡೆಯುವುದು ಸ್ಕೋಪೊಲಮಿನ್ ಚುಚ್ಚುಮದ್ದು, ಇಲ್ಲವೇ ಅಲ್ಯೂಮಿನಿಯಂ ಕ್ಲೋರೈಡ್, ಇಲ್ಲವೇ ಮಿದುಳಿನ ಕುಹರಕ್ಕೆ ಸ್ಟ್ರೆಪ್ಟೊಜೊಟೊಸಿನ್.

ಸ್ಕೋಪೊಲಮಿನ್ ವಿಷಯದಲ್ಲಿ ಎಚ್ಚರ ಬೇಕು. ಅದು ಅಸಿಟೈಲ್‌ಕೋಲಿನ್ ಎಂಬ ನರಸಂದೇಶವನ್ನು ಕೆಲ ಗಂಟೆಗಳ ಮಟ್ಟಿಗೆ ತಡೆಯುತ್ತದೆ. ಮರೆವು ಬರುತ್ತದೆ, ಹೋಗುತ್ತದೆ. ಮಿದುಳಿನ ಕೋಶಗಳು ಸಾಯುವುದಿಲ್ಲ, ಕಲೆಗಳೂ ಇರುವುದಿಲ್ಲ. ಹೋಲಿಕೆಗೆ ಕೊಡುವ ಡೊನೆಪೆಜಿಲ್ ಮಾತ್ರೆ ಅದೇ ಅಸಿಟೈಲ್‌ಕೋಲಿನ್ ಅನ್ನು ಹೆಚ್ಚಿಸುತ್ತದೆ. ನಿಮ್ಮ ಸಾರದಲ್ಲಿ ಅಂಥದೇ ಗುಣ ಒಂದಿಷ್ಟಿದ್ದರೂ ಇಲಿ ಪಾಸಾಗುತ್ತದೆ. ಅದರಿಂದ ಅಸಿಟೈಲ್‌ಕೋಲಿನ್ ದಾರಿಯಲ್ಲಿ ಸಾರ ಏನೋ ಮಾಡುತ್ತಿದೆ ಎಂದು ಗೊತ್ತಾಯಿತು, ಅಷ್ಟೇ. ಅಲ್ಝೈಮರ್ ವಾಸಿಯಾಯಿತು ಎಂದು ಬರೆಯಲು ಅಲ್ಲಿ ಅಲ್ಝೈಮರೇ ಇರಲಿಲ್ಲ. ಇನ್ನೊಂದು ಮಾತು: ಈ ಮದ್ದು ಕಣ್ಣಿನ ಪಾಪೆಯನ್ನು ಹಿಗ್ಗಿಸುತ್ತದೆ, ಓಡಾಟವನ್ನೂ ಏರುಪೇರು ಮಾಡುತ್ತದೆ. ದಾರಿ ತಪ್ಪಲು ಅಷ್ಟೇ ಸಾಕು.

2. ವಯಸ್ಸು ಲೆಕ್ಕಹಾಕಿ

ಮನುಷ್ಯರ ರೋಗದ ವಂಶವಾಹಿ ಸೇರಿಸಿದ ತಳಿಗಳಲ್ಲಿ ಒಂದಾದ, 5xFAD ಎಂದು ಬರೆಯುವ ಫೈವ್ ಎಕ್ಸ್ ಫ್ಯಾಡ್ ಚಿಟ್ಟಿಲಿಯಲ್ಲಿ ಅಮಿಲಾಯ್ಡ್ ಕಲೆ ಎರಡನೇ ತಿಂಗಳಿಗೇ ಕಾಣಿಸುತ್ತದೆ. ಎಪಿಪಿ/ಪಿಎಸ್1 ತಳಿಗೆ ಸುಮಾರು ಆರು ತಿಂಗಳು ಬೇಕು. 1996ರಲ್ಲಿ ಬಂದ ಟಿಜಿ2576 ತಳಿ ಇನ್ನೂ ನಿಧಾನ. ನಿಮ್ಮ ಪ್ರಾಜೆಕ್ಟಿನ ಅವಧಿ ಮುಗಿದ ಮೇಲೆ ಇಲಿಗೆ ಕಾಯಿಲೆ ಬಂದರೆ ಪ್ರಯೋಜನವಿಲ್ಲ.

3. ನಮ್ಮ ನೆಲದಲ್ಲಿ ಆದ ಕೆಲಸ ಓದಿ

ವಿದೇಶದ ಲೇಖನಗಳನ್ನು ಮಾತ್ರ ಹುಡುಕಬೇಡಿ. ವಿಜಯಲಕ್ಷ್ಮಿ ರವೀಂದ್ರನಾಥ್ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಸಂಶೋಧನೆ ಮಾಡಿ ಮೈಸೂರು ವಿಶ್ವವಿದ್ಯಾನಿಲಯದಿಂದ 1981ರಲ್ಲಿ ಪಿಎಚ್.ಡಿ. ಪಡೆದವರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವನ್ನು ಕಟ್ಟಿದರು. ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಪಿಪಿ/ಪಿಎಸ್1 ಚಿಟ್ಟಿಲಿಗಳಿಗೆ ಅಶ್ವಗಂಧದ ಬೇರಿನ ಸಾರವನ್ನು 30 ದಿನ ಬಾಯಿಂದ ಕೊಟ್ಟರು. ನಡವಳಿಕೆಯ ಕೊರತೆ ಸುಧಾರಿಸಿತು, ಮಿದುಳಿನ ಅಮಿಲಾಯ್ಡ್ ಇಳಿಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಅದು ಸಾವಿರದಲ್ಲಿ ಇನ್ನೊಂದು ಲೇಖನವಾಗುತ್ತಿತ್ತು. ಅವರು ಏಕೆ ಎಂದು ಕೇಳಿದರು. ಕೆಲಸ ನಡೆದದ್ದು ಯಕೃತ್ತಿನಲ್ಲಿ ಎಂಬ ಉತ್ತರ ಸಿಕ್ಕಿತು. ಅಲ್ಲಿ ಎಲ್‌ಆರ್‌ಪಿ ಎಂಬ ಪ್ರೋಟೀನ್ ಹೆಚ್ಚಾಗಿ, ಅಮಿಲಾಯ್ಡನ್ನು ಮಿದುಳಿನಿಂದ ರಕ್ತಕ್ಕೆ ಸೆಳೆದುಕೊಂಡಿತ್ತು. ಯಕೃತ್ತಿನಲ್ಲಿ ಆ ಪ್ರೋಟೀನನ್ನು ತಗ್ಗಿಸಿ ಮತ್ತೆ ನೋಡಿದಾಗ ಸಾರದ ಪರಿಣಾಮವೂ ಹೋಯಿತು. ನಡವಳಿಕೆಯ ಪರೀಕ್ಷೆಯೊಂದಿಗೆ ಕಾರಣವನ್ನೂ ಕೂಡಿಸಿ, ಆ ಕಾರಣವನ್ನು ಕಿತ್ತು ನೋಡುವುದು ಎಂದರೆ ಇದು. ಎಂ.ಫಾರ್ಮ್ ವಿದ್ಯಾರ್ಥಿಗೆ ಅಷ್ಟೆಲ್ಲ ಮಾಡಲು ಹಣ, ಸಮಯ ಸಿಗದು. ಆದರೆ ಪ್ರಶ್ನೆಯನ್ನು ಆ ಎತ್ತರದಲ್ಲಿ ಇಡುವುದಕ್ಕೆ ಖರ್ಚಿಲ್ಲ.

ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಲ್ಲಿ ಟಿ.ಆರ್. ರಾಜು, ಬಿ.ಎಸ್. ಶಂಕರನಾರಾಯಣ ರಾವ್ ಅವರ ಬಳಗ ಮಾಡಿದ ಕೆಲಸವೂ ನಿಮಗೆ ಪಠ್ಯವೇ. ದಿನಕ್ಕೆ ಆರು ಗಂಟೆಯಂತೆ 21 ದಿನ ಇಲಿಯನ್ನು ಅಲುಗಾಡದಂತೆ ಕಟ್ಟಿಹಾಕಿದರೆ ಅದು ದಾರಿ ಹುಡುಕಿಸುವ ಪರೀಕ್ಷೆಯಾದ ಎಂಟು ತೋಳಿನ ಮೇಜ್‌ನಲ್ಲಿ ತಪ್ಪು ಮಾಡತೊಡಗುತ್ತದೆ. ಆಮೇಲೆ ಆಟಿಕೆ, ಜೊತೆಗಾರರು, ವಿಶಾಲ ಜಾಗ ಕೊಟ್ಟರೆ ಸುಧಾರಿಸುತ್ತದೆ. ಯಾವ ವಂಶವಾಹಿಯನ್ನೂ ಮುಟ್ಟದೆ, ಒತ್ತಡವೊಂದೇ ನೆನಪನ್ನು ಕೆಡಿಸಬಲ್ಲದು ಎಂದಾಯಿತು. ನಿಮ್ಮ ಅನಿಮಲ್ ಹೌಸಿನಲ್ಲಿ ಇಲಿಗಳು ಹೇಗೆ ಬದುಕುತ್ತಿವೆ ಎಂಬುದನ್ನು ಇದನ್ನು ಓದಿದ ಮೇಲೆ ಹೋಗಿ ನೋಡಿ.

ಕಾವೇರಿ ನಾಲೆಗಳ ಬದಿಯಲ್ಲಿ, ಗದ್ದೆಯ ಬದುಗಳಲ್ಲಿ ಬೆಳೆಯುವ ಒಂದೆಲಗದ ಮೇಲೂ ಕರ್ನಾಟಕದಲ್ಲೇ ಕೆಲಸವಾಗಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಎಳೆಯ ಇಲಿಮರಿಗಳಿಗೆ ಒಂದೆಲಗದ ಎಲೆಯ ಸಾರ ಕೊಟ್ಟು, ಕಲಿಕೆ ಸುಧಾರಿಸಿದ್ದನ್ನೂ ಮಿದುಳಿನ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಹೆಚ್ಚಿದ್ದನ್ನೂ ತೋರಿಸಿದರು. ಅವು ಆರೋಗ್ಯವಾಗಿದ್ದ, ಬೆಳೆಯುವ ಮರಿಗಳು. ಮುಪ್ಪಿನ ಕಾಯಿಲೆಗೆ ಅದನ್ನು ಸಾಕ್ಷಿಯಾಗಿ ಎಳೆದು ತರಬೇಡಿ.

4. ಅನುಮತಿ ಮೊದಲು, ಇಲಿ ಆಮೇಲೆ

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ರಚನೆಯಾದ ಕೇಂದ್ರ ಸಮಿತಿಯ ನಿಯಮವಿದು. ಅರ್ಜಿಯಲ್ಲಿ ಇಷ್ಟು ಇಲಿ ಏಕೆ ಬೇಕು ಎಂಬ ಕಲಮನ್ನು ಶ್ರದ್ಧೆಯಿಂದ ತುಂಬಿ. ತೀರ ಕಡಿಮೆ ತಂದರೆ ಉತ್ತರ ಸಿಗದೆ ಅಷ್ಟೂ ಪ್ರಾಣ ವ್ಯರ್ಥ; ಹೆಚ್ಚು ತಂದರೆ ಹೆಚ್ಚಾದಷ್ಟು ವ್ಯರ್ಥ.

5. ಕೈ ಪರಿಚಯವಾಗಲಿ

ಪರೀಕ್ಷೆಗೆ ಒಂದು ವಾರ ಮೊದಲಿಂದ ದಿನವೂ ಕೆಲವು ನಿಮಿಷ ಇಲಿಗಳನ್ನು ಎತ್ತಿ ಹಿಡಿದು ಅಭ್ಯಾಸ ಮಾಡಿಸಿ. ಚಿಟ್ಟಿಲಿಯ ಬಾಲ ಹಿಡಿದು ಎತ್ತುವ ರೂಢಿ ಬಿಡಿ. ಬೊಗಸೆಯಲ್ಲಿ ಎತ್ತಿದರೆ, ಇಲ್ಲವೇ ಪ್ಲಾಸ್ಟಿಕ್ ಕೊಳವೆಯೊಳಗೆ ಹೊಗಿಸಿ ಎತ್ತಿದರೆ ಅವುಗಳ ಆತಂಕ ಗಣನೀಯವಾಗಿ ತಗ್ಗುತ್ತದೆ ಎಂದು ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ತೋರಿಸಿದರು. ಪಿವಿಸಿ ಪೈಪಿನ ತುಂಡು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಮೊದಲ ದಿನದಿಂದ ಕೊನೆಯ ದಿನದವರೆಗೆ ಒಬ್ಬರೇ ಹಿಡಿಯಬೇಕು. ಗಂಡಸರ ಮೈವಾಸನೆಗೇ ಇಲಿ, ಚಿಟ್ಟಿಲಿಗಳಲ್ಲಿ ಒತ್ತಡ ಏರುತ್ತದೆ ಎಂದು 2014ರ ಕೆನಡಾದ ಅಧ್ಯಯನವೊಂದು ಕಂಡುಕೊಂಡಿತು. ಸೋಮವಾರ ನೀವು, ಮಂಗಳವಾರ ಗೆಳೆಯ, ಬುಧವಾರ ಅಟೆಂಡರ್ ಎಂದಾದರೆ ಅಂಕಿಗಳೂ ಹಾಗೇ ಕುಣಿಯುತ್ತವೆ. ಸೆಂಟು, ಹೂವು ಮುಡಿಯುವುದು ಆ ದಿನಗಳಲ್ಲಿ ಬೇಡ.

6. ಕಣ್ಣು, ಕಿವಿ, ಕಾಲು ಸರಿಯಿದೆಯೇ ನೋಡಿ

ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಮುಟ್ಟುತ್ತಾನೆ, ನಡೆಸಿ ನೋಡುತ್ತಾನೆ. ಮಾರುವವನ ಮಾತಿಗೆ ದುಡ್ಡು ಕೊಡುವುದಿಲ್ಲ. ಇಲಿ ಸರಬರಾಜು ಮಾಡುವವರ ಕಾಗದಕ್ಕೂ ಅಷ್ಟೇ ಬೆಲೆ ಕೊಡಿ.

ಎಸ್‌ಜೆಎಲ್ ವಂಶದ ಚಿಟ್ಟಿಲಿಗಳಲ್ಲಿ ಆರ್‌ಡಿ1 ಎಂಬ ದೋಷವಿದೆ. ತಂದೆ ತಾಯಿ ಇಬ್ಬರಿಂದಲೂ ಅದು ಬಂದರೆ ಎಳೆ ವಯಸ್ಸಿನಲ್ಲೇ ಅಕ್ಷಿಪಟ ಹಾಳಾಗಿ ಮರಿ ಕುರುಡಾಗುತ್ತದೆ. ಟಿಜಿ2576, ಫೈವ್ ಎಕ್ಸ್ ಫ್ಯಾಡ್ ತಳಿಗಳ ಕೆಲವು ಬಳಗಗಳಲ್ಲಿ ಈ ಎಸ್‌ಜೆಎಲ್ ರಕ್ತ ಸೇರಿದೆ. ಕುರುಡು ಚಿಟ್ಟಿಲಿ ಗೋಡೆಯ ಮೇಲಿನ ಗುರುತು ಕಾಣದೆ ದಾರಿ ತಪ್ಪಿದರೆ ಅದನ್ನು ಮರೆವು ಎಂದು ಬರೆಯುವುದು ಅನ್ಯಾಯ. ಬಹಳ ಬಳಕೆಯ ಸಿ57 ಬ್ಲ್ಯಾಕ್ 6 ತಳಿಗೆ ವಯಸ್ಸಾದಂತೆ ಕಿವಿ ಮಂದವಾಗುತ್ತದೆ, ಶಬ್ದ ಕೇಳಿಸಿ ಮಾಡುವ ಭಯದ ಪರೀಕ್ಷೆಯಲ್ಲಿ ಅದು ಕೈಕೊಡುತ್ತದೆ. ನಮ್ಮಲ್ಲಿ ಎಲ್ಲೆಲ್ಲೂ ಇರುವ ಬಿಳಿ ವಿಸ್ಟಾರ್ ಇಲಿ, ಬಿಳಿ ಸ್ವಿಸ್ ಚಿಟ್ಟಿಲಿಗಳ ದೃಷ್ಟಿ ಬಣ್ಣದ ತಳಿಗಳಷ್ಟು ಚುರುಕಲ್ಲ. ಗೋಡೆಯ ಗುರುತುಗಳನ್ನು ದೊಡ್ಡದಾಗಿ, ಕಪ್ಪು ಬಿಳುಪಿನಲ್ಲಿ ಬರೆಯಿರಿ.

7. ಮೆತ್ತಗಿನ ಪರೀಕ್ಷೆ ಮೊದಲು, ಕಠಿಣದ್ದು ಕೊನೆಗೆ

ಓಡಾಟ ನೋಡುವ ತೆರೆದ ಅಂಗಳ, ಆಮೇಲೆ ಮುಂದೆ ವಿವರಿಸಿರುವ ವೈ ಮೇಜ್, ಹೊಸ ವಸ್ತು, ನೀರಿನ ಮೇಜ್, ಕೊನೆಗೆ ಶಾಕ್ ಕೊಡುವ ಪರೀಕ್ಷೆ. ಈ ಸರದಿ ತಿರುಗಿಸಬೇಡಿ. ಶಾಕ್ ತಿಂದ ಇಲಿ ಆಮೇಲೆ ಯಾವ ಪೆಟ್ಟಿಗೆಯನ್ನೂ ನಂಬುವುದಿಲ್ಲ.

8. ನೀರಿನ ಮೇಜ್‌ಗೆ ತಾಳ್ಮೆಯಿಂದ ಸಜ್ಜಾಗಿ

ರಿಚರ್ಡ್ ಮಾರಿಸ್ 1981ರಲ್ಲಿ ಪರಿಚಯಿಸಿದ ಈ ಪರೀಕ್ಷೆ ಇಂದಿಗೂ ಎಲ್ಲರ ಮೆಚ್ಚಿನದು. ದುಂಡು ತೊಟ್ಟಿಯ ನೀರನ್ನು ವಿಷವಿಲ್ಲದ ಬಿಳಿ ಬಣ್ಣದಿಂದ ಮಬ್ಬು ಮಾಡಿ, ಒಂದೆರಡು ಸೆಂಟಿಮೀಟರ್ ಕೆಳಗೆ ಪುಟ್ಟ ಕಟ್ಟೆಯೊಂದನ್ನು ಅಡಗಿಸಿಡುತ್ತಾರೆ. ಇಲಿ ಕೋಣೆಯ ಗೋಡೆಯ ಗುರುತುಗಳನ್ನು ನೋಡಿಕೊಂಡು ಕಟ್ಟೆ ಇರುವ ಜಾಗವನ್ನು ಕಲಿಯಬೇಕು. ಇಂಥ ಜಾಗದ ನೆನಪಿಗೆ ಹಿಪ್ಪೊಕ್ಯಾಂಪಸ್ ಬೇಕು, ಅಲ್ಝೈಮರ್‌ನಲ್ಲಿ ಬೇಗ ಏಟು ತಿನ್ನುವ ಭಾಗಗಳಲ್ಲಿ ಅದೂ ಒಂದು.

ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ, ನಾಲ್ಕೈದು ದಿನ ಕಲಿಸುತ್ತಾರೆ. ಆಮೇಲೆ ಕಟ್ಟೆ ತೆಗೆದು 60 ಸೆಕೆಂಡ್ ಈಜಲು ಬಿಡುತ್ತಾರೆ. ತೊಟ್ಟಿಯನ್ನು ನಾಲ್ಕು ಭಾಗ ಮಾಡಿದರೆ, ಏನೂ ನೆನಪಿಲ್ಲದ ಇಲಿ ಕಟ್ಟೆಯಿದ್ದ ಭಾಗದಲ್ಲಿ ಕಾಲು ಪಾಲು ಸಮಯ ಇರುತ್ತದೆ. ನೆನಪಿರುವುದು ಅಲ್ಲೇ ಸುತ್ತಿ ಹುಡುಕುತ್ತದೆ. ನಿಜವಾದ ಉತ್ತರ ಇರುವುದು ಈ ಕೊನೆಯ ಈಜಿನಲ್ಲಿ. ಅದನ್ನು ಬಿಟ್ಟು ಕಟ್ಟೆ ಸೇರಲು ಹಿಡಿದ ಸೆಕೆಂಡುಗಳನ್ನಷ್ಟೇ ಬರೆದ ಪ್ರಬಂಧಗಳು ಬಹಳ. ಸೆಕೆಂಡು ಮೋಸ ಮಾಡುತ್ತದೆ: ಮೈ ದಪ್ಪವಾದ, ವಯಸ್ಸಾದ, ಕಾಲಿನ ಬಲ ಕುಂದಿದ ಇಲಿ ನಿಧಾನ ಈಜುತ್ತದೆ. ಈಜಿದ ದೂರವನ್ನು ಅಳೆಯಿರಿ. ಕೊನೆಗೆ ಕಟ್ಟೆಯ ಮೇಲೆ ಬಾವುಟ ನೆಟ್ಟು ಕಣ್ಣಿಗೆ ಕಾಣುವಂತೆ ಮಾಡಿ ಬಿಡಿ. ಆಗಲೂ ತಲುಪದ ಇಲಿಯ ತೊಂದರೆ ನೆನಪಿನದಲ್ಲ.

ಕೆ.ಆರ್. ನಗರದ ಗದ್ದೆ ಬಯಲಲ್ಲಿ ಬೆಳೆದವರಿಗೆ ಇಲಿ ಎಷ್ಟು ಚೆನ್ನಾಗಿ ಈಜುತ್ತದೆ ಎಂದು ಹೇಳಬೇಕಿಲ್ಲ. ಚಿಟ್ಟಿಲಿ ಹಾಗಲ್ಲ. ಕೆಲವು ಸುಮ್ಮನೆ ತೇಲುತ್ತವೆ, ಕೆಲವು ಗೋಡೆ ಹಿಡಿದು ಸುತ್ತುತ್ತವೆ. ಇವನ್ನು ಬೇರೆಯಾಗಿ ಗುರುತಿಸಿ ಬರೆಯಿರಿ. ಚಿಟ್ಟಿಲಿಯೇ ನಿಮ್ಮ ಪ್ರಾಣಿಯಾದರೆ, ಕ್ಯಾರಲ್ ಬಾರ್ನ್ಸ್ 1979ರಲ್ಲಿ ರೂಪಿಸಿದ, ರಂಧ್ರಗಳಿರುವ ದುಂಡು ಹಲಗೆಯ ಪರೀಕ್ಷೆಯನ್ನು ಯೋಚಿಸಿ. ಅದರಲ್ಲಿ ನೀರಿಲ್ಲ.

ನೀರಿನ ಉಷ್ಣತೆಯನ್ನು ದಿನವೂ ಅಳೆದು ಬರೆದಿಡಿ. ಡಿಸೆಂಬರಿನ ಮೈಸೂರಿನಲ್ಲಿ ಬೆಳಗಿನ ತೊಟ್ಟಿ ಇಲಿಗೆ ತೀರ ತಣ್ಣಗಿರುತ್ತದೆ. ಈಜು ಮುಗಿದೊಡನೆ ಒಣ ಟವೆಲ್‌ನಲ್ಲಿ ಒರೆಸಿ, ಬೆಚ್ಚಗಿಡಿ. ಇದು ಕರುಣೆ ಹೌದು, ಸರಿಯಾದ ಅಂಕಿಗೂ ಇದೇ ದಾರಿ.

9. ಹಣವಿಲ್ಲದಿದ್ದರೆ ವೈ ಮೇಜ್

ಮೂರು ತೋಳು, ಎಂಟು ನಿಮಿಷ, ಒಂದು ಮೊಬೈಲ್ ಕ್ಯಾಮರಾ. ಈಗಷ್ಟೇ ಹೋಗಿ ಬಂದ ತೋಳನ್ನು ಬಿಟ್ಟು ಬೇರೆಯದಕ್ಕೆ ಹೋಗುವುದು ಇಲಿಯ ಸ್ವಭಾವ. ಹೋಗಿದ್ದು ನೆನಪಿದ್ದರೆ ಮಾತ್ರ ಅದು ಸಾಧ್ಯ. ಸುಮ್ಮನೆ ಮನಬಂದಂತೆ ಓಡಾಡಿದರೂ ಅರ್ಧದಷ್ಟು ಅಂಕ ಬರುತ್ತದೆ ಎಂಬುದು ಗಮನದಲ್ಲಿರಲಿ. ಒಟ್ಟು ಎಷ್ಟು ಸಲ ತೋಳು ಹೊಕ್ಕಿತು ಎಂಬುದನ್ನು ಬರೆಯದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಮರದಲ್ಲಿ ಮಾಡಿಸಬೇಡಿ, ಉಚ್ಚೆಯ ವಾಸನೆ ಹೀರಿಕೊಂಡು ಮುಂದಿನ ಇಲಿಗೆ ದಾರಿ ಹೇಳಿಬಿಡುತ್ತದೆ. ಅಕ್ರಿಲಿಕ್ ಹಾಳೆಯಲ್ಲಿ ಮಾಡಿಸಿ, ಪ್ರತಿ ಇಲಿ ಆದ ಮೇಲೂ ಆಲ್ಕೋಹಾಲ್ ಹಾಕಿ ಒರೆಸಿ, ವಾಸನೆ ಆರಲು ಬಿಡಿ.

10. ಕದಲದ ಇಲಿಯನ್ನು ಜಾಣ ಎನ್ನಬೇಡಿ

ನಮ್ಮ ಕಾಲೇಜುಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ಇದು. ಕಟ್ಟೆಯಿಂದ ಇಳಿದರೆ ಶಾಕ್ ಹೊಡೆಯುವ ಪೆಟ್ಟಿಗೆಯಲ್ಲಿ, ಮರುದಿನ ಇಳಿಯದೆ ಕೂತ ಇಲಿಗೆ ನೆನಪಿದೆ ಎಂದು ಲೆಕ್ಕ. ನಿಮ್ಮ ಸಾರ ಮಂಪರು ತರಿಸುವಂಥದ್ದಾದರೂ ಇಲಿ ಇಳಿಯುವುದಿಲ್ಲ. ನೋವು ಗೊತ್ತಾಗದಂತೆ ಮಾಡುವಂಥದ್ದಾದರೆ ಮೊದಲ ದಿನದ ಶಾಕ್ ಅದಕ್ಕೆ ತಾಕಿಯೇ ಇರುವುದಿಲ್ಲ. ಓಡಾಟದ ಪರೀಕ್ಷೆ, ನೋವಿನ ಪರೀಕ್ಷೆ ಜೊತೆಗಿಲ್ಲದೆ ಈ ಅಂಕಿಯನ್ನು ಯಾರಿಗೂ ತೋರಿಸಬೇಡಿ.

11. ಹೊಸ ವಸ್ತುವಿನ ಪರೀಕ್ಷೆಯಲ್ಲಿ ವಸ್ತುವನ್ನೇ ಮೊದಲು ಪರೀಕ್ಷಿಸಿ

ಒಂದೇ ಬಗೆಯ ಎರಡು ವಸ್ತು ತೋರಿಸಿ, ಗಂಟೆಯೋ ದಿನವೋ ಕಳೆದ ಮೇಲೆ ಒಂದನ್ನು ಬದಲಿಸಿದರೆ, ನೆನಪಿರುವ ಇಲಿ ಹೊಸದನ್ನು ಹೆಚ್ಚು ಮೂಸುತ್ತದೆ. ಯಾವ ಇಲಿಗೂ ಮೊದಲೇ ಹೆಚ್ಚು ಇಷ್ಟವಾಗುವ ವಸ್ತು ಇರಬಾರದು, ಹತ್ತಿ ಕೂರಲು ಬರುವಂಥದ್ದೂ ಬೇಡ. ಅರ್ಧ ಇಲಿಗಳಿಗೆ ಒಂದು ವಸ್ತು ಹೊಸದಾದರೆ ಇನ್ನರ್ಧಕ್ಕೆ ಇನ್ನೊಂದು ಹೊಸದಾಗಲಿ.

12. ಗೂಡು ನೋಡಿ

ಅಲ್ಝೈಮರ್ ಬಂದವರು ಹೆಸರು ಮರೆಯುವ ಜೊತೆಗೆ ಸೀರೆ ಉಡುವುದು, ಸ್ನಾನ, ಒಲೆ ಹಚ್ಚುವುದು, ಹಸುವಿಗೆ ಹುಲ್ಲು ಹಾಕುವುದು ಇಂಥ ದಿನದ ಕೆಲಸಗಳನ್ನೂ ಕಳೆದುಕೊಳ್ಳುತ್ತಾರೆ. ಮನೆಯವರನ್ನು ಕೊನೆಗೆ ಸೋಲಿಸುವುದು ಇದೇ. ಇಲಿಯ ದಿನದ ಕೆಲಸ ಗೂಡು ಕಟ್ಟುವುದು. ಸಂಜೆ ಚಿಟ್ಟಿಲಿಯ ಪಂಜರಕ್ಕೆ ಒತ್ತಿದ ಹತ್ತಿಯ ಬಿಲ್ಲೆಯೊಂದನ್ನು ಹಾಕಿ, ಬೆಳಗ್ಗೆ ಗೂಡಿಗೆ ಒಂದರಿಂದ ಐದರವರೆಗೆ ಅಂಕ ಕೊಡುವ ಕ್ರಮವನ್ನು ಆಕ್ಸ್‌ಫರ್ಡ್‌ನ ರಾಬರ್ಟ್ ಡೀಕನ್ ರೂಪಿಸಿದ್ದಾರೆ. ಶಾಕ್ ಇಲ್ಲ, ನೀರಿಲ್ಲ, ಖರ್ಚೂ ಇಲ್ಲ. ಇದನ್ನು ಇಷ್ಟು ಕಡಿಮೆ ಜನ ಬಳಸುವುದು ನನಗೆ ಬೇಸರದ ಸಂಗತಿ.

13. ಗದ್ದಲದ ದಿನಗಳನ್ನು ಕ್ಯಾಲೆಂಡರಿನಲ್ಲಿ ಹೊಡೆದುಹಾಕಿ

ದಸರಾ ಜಂಬೂಸವಾರಿಯ ಕುಶಾಲತೋಪು, ದೀಪಾವಳಿಯ ಪಟಾಕಿ, ಪಕ್ಕದ ಕಟ್ಟಡದ ಡ್ರಿಲ್ಲಿಂಗ್ ಎಲ್ಲ ಇಲಿಗೆ ತಲುಪುತ್ತದೆ. ನಮಗೆ ಕೇಳದ ಅತಿ ಎತ್ತರದ ಶಬ್ದವೂ ಅವಕ್ಕೆ ಕೇಳುತ್ತದೆ, ಸದ್ದಿಲ್ಲದಂತೆ ಕಾಣುವ ಕಂಪ್ಯೂಟರು ಅವಕ್ಕೆ ಸದ್ದಿನ ಪೆಟ್ಟಿಗೆಯಾಗಿರಬಹುದು. ಪಂಜರ ಶುಚಿ ಮಾಡಿದ ದಿನ ಪರೀಕ್ಷೆ ಬೇಡ. ದಿನವೂ ಒಂದೇ ಹೊತ್ತಿಗೆ ಮಾಡಿ, ಕೋಣೆಗೆ ತಂದು ಅರ್ಧ ಗಂಟೆಯಾದರೂ ಬಿಟ್ಟು ಶುರುಮಾಡಿ. ಕರೆಂಟ್ ಹೋದರೆ ಕ್ಯಾಮರಾ ನಿಲ್ಲದಂತೆ ಯುಪಿಎಸ್ ಇರಲಿ.

14. ಯಾವ ಇಲಿಗೆ ಏನು ಕೊಟ್ಟಿದೆ ಎಂದು ನಿಮಗೆ ಗೊತ್ತಿರಬಾರದು

ಗೆಳತಿಯೊಬ್ಬಳಿಂದ ಸೀಸೆಗಳಿಗೆ ಗುಟ್ಟಿನ ಸಂಖ್ಯೆ ಹಾಕಿಸಿ. ಅಂಕಿ ಬರೆದು ಮುಗಿಯುವವರೆಗೆ ಆ ಚೀಟಿ ಅವಳ ಹತ್ತಿರವೇ ಇರಲಿ. ಒಳ್ಳೆಯ ಉದ್ದೇಶದವರ ಕಣ್ಣೇ ಹೆಚ್ಚು ಮೋಸ ಹೋಗುವುದು. ಒಂದೇ ಸೂಲಿನ ಮರಿಗಳನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡಿ. ಗಂಡು, ಹೆಣ್ಣು ಎರಡನ್ನೂ ಪರೀಕ್ಷಿಸಿ, ಏಕೆಂದರೆ ಈ ಕಾಯಿಲೆ ಬಂದವರಲ್ಲಿ ಹೆಂಗಸರೇ ಹೆಚ್ಚು.

ಇಷ್ಟೆಲ್ಲ ಮಾಡಿದರೂ ಬೇರೆ ಲ್ಯಾಬಿನಲ್ಲಿ ಬೇರೆ ಉತ್ತರ ಬರಬಹುದು. 1999ರಲ್ಲಿ ಜಾನ್ ಕ್ರ್ಯಾಬ್ ಮತ್ತು ಜೊತೆಗಾರರು ಅಮೆರಿಕ, ಕೆನಡಾದ ಮೂರು ಲ್ಯಾಬ್‌ಗಳಲ್ಲಿ ಅದೇ ತಳಿಗಳನ್ನು, ಅದೇ ಉಪಕರಣದಲ್ಲಿ, ಅದೇ ಕ್ರಮದಲ್ಲಿ ಪರೀಕ್ಷಿಸಿದರು. ಕೆಲವು ಪರೀಕ್ಷೆಗಳ ಫಲಿತಾಂಶ ಲ್ಯಾಬಿನಿಂದ ಲ್ಯಾಬಿಗೆ ಬೇರೆಯೇ ಆಯಿತು. ಆದ್ದರಿಂದ ಕೋಣೆಯ ಬೆಳಕು, ಹೊತ್ತು, ಹಿಡಿದವರು, ಹಾಸಿದ ಹೊಟ್ಟು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

15. ಬರಲಿಲ್ಲ ಎಂದರೆ ಬರಲಿಲ್ಲ ಎಂದೇ ಬರೆಯಿರಿ

ಸಾರ ಕೆಲಸ ಮಾಡಲಿಲ್ಲ ಎಂಬುದೂ ಫಲಿತಾಂಶ. ಅದನ್ನು ಮುಚ್ಚಿಟ್ಟರೆ ಮುಂದಿನ ವರ್ಷ ಇನ್ನೊಬ್ಬ ವಿದ್ಯಾರ್ಥಿ ಅಷ್ಟೇ ಇಲಿಗಳನ್ನು ಅದಕ್ಕೇ ಕೊಲ್ಲುತ್ತಾನೆ. ಪ್ರಾಣಿಗಳ ಪ್ರಯೋಗವನ್ನು ಹೇಗೆ ವರದಿ ಮಾಡಬೇಕು ಎಂಬುದಕ್ಕೆ ಅರೈವ್ ಎಂಬ ಮಾರ್ಗಸೂಚಿ 2010ರಿಂದ ಇದೆ, 2020ರಲ್ಲಿ ಪರಿಷ್ಕರಣೆಯಾಗಿದೆ. ಬರೆಯಲು ಕೂರುವ ಮೊದಲಲ್ಲ, ಪ್ರಯೋಗ ಶುರುಮಾಡುವ ಮೊದಲೇ ಅದನ್ನು ಓದಿ.

16. ಊರಿನವರಿಗೆ ನೇರವಾಗಿ ಹೇಳಿ

ಹಬ್ಬಕ್ಕೆ ಊರಿಗೆ ಹೋದಾಗ, ಮರೆವಿಗೆ ಔಷಧಿ ಕಂಡುಹಿಡಿದಿದ್ದೀಯಂತಲ್ಲ ಮಗಾ, ನಮ್ಮವ್ವನಿಗೂ ಒಂದಿಷ್ಟು ಕೊಡು ಎಂದು ಯಾರಾದರೂ ಕೇಳುತ್ತಾರೆ. ಇಲಿಯಲ್ಲಿ ಗೆದ್ದ ಎಷ್ಟೋ ಮದ್ದುಗಳು ಮನುಷ್ಯರಲ್ಲಿ ಸೋತಿವೆ ಎಂಬುದನ್ನು ಮುಚ್ಚಿಡದೆ ಹೇಳಿ. ಮನುಷ್ಯರ ನೆನಪನ್ನು ಮನುಷ್ಯರಲ್ಲೇ ಅಳೆಯುವ ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡೆದಿದೆ. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಅಲ್ಲಿನ 45 ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದೆ.

ಆಮೇಲೆ ಆ ತಾಯಿಯನ್ನು ವೈದ್ಯರ ಹತ್ತಿರ ಕರೆದೊಯ್ಯಲು ಹೇಳಿ. ಬಿ12 ಕೊರತೆ, ಥೈರಾಯ್ಡ್ ಕಡಿಮೆಯಾಗಿರುವುದು, ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳು, ಇವೂ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಅರಳು ಮರಳು, ವಯಸ್ಸಾಯಿತು ಎಂದು ಕೈಬಿಡುವ ಮೊದಲು ಬಿ12, ಥೈರಾಯ್ಡ್ ರಕ್ತಪರೀಕ್ಷೆಗಳನ್ನಾದರೂ ಮಾಡಿಸಿ.